ಬೆಟ್ಟದ ದಾರಿಯಲ್ಲಿ ಅತ್ತೆಯ ಸೀಟಿ

ಹೊಲಿಗೆ ಅಂಗಡಿಯಿಂದ,
ಸೋಮವಾರ, ಮೂರನೇ ತಾರೀಖು

ಪ್ರೀತಿಯ ನರ್ಸಮ್ಮಾ,

ಪರೀಕ್ಷೆ ಪಾಸಾಗುವ ಮೊದಲೇ ಹಾಗೆ ಕರೆಯಬೇಡಿ ಅಂತ ನೀನು ಎಷ್ಟು ಮುನಿಸಿಕೊಂಡರೂ ನಾನು ಕರೆಯುವವನೇ. ಹೇಗಿದ್ದೀಯ? ಹಾಸ್ಟೆಲಿನ ಊಟ ಈಗಲಾದರೂ ನಾಲಿಗೆಗೆ ಒಗ್ಗಿತಾ? ಪಾಳಿ ಮುಗಿಸಿ ಬಂದಾಗ ಕಾಲು ಊದಿಕೊಳ್ಳುತ್ತೆ ಅಂದಿದ್ದೆಯಲ್ಲ, ಕಡಿಮೆಯಾಯಿತಾ? ನಾನು ಚೆನ್ನಾಗಿದ್ದೇನೆ, ತೊಡೆ ಎರಡೂ ಕಲ್ಲಾಗಿರುವುದೊಂದು ಬಿಟ್ಟರೆ. ಮಿಷಿನ್ ತುಳಿಯಲು ಆಗುತ್ತಿಲ್ಲ, ಗಿರಾಕಿಗಳಿಗೆಲ್ಲ ನಾಳೆ ಬನ್ನಿ ಅಂತ ಹೇಳಿ ಕಾಗದ ಹಿಡಿದು ಕೂತಿದ್ದೇನೆ. ನಿನ್ನ ಅಮ್ಮನೂ ಚೆನ್ನಾಗಿದ್ದಾರೆ. ಈ ಮಾತನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಮುಂದಿನದನ್ನು ಓದುವಾಗ ಎದೆ ಹಿಡಿದುಕೊಳ್ಳಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಾನು ಬೆಟ್ಟ ಅನ್ನುವಷ್ಟರಲ್ಲೇ ನೀನು ಬೈಯಲು ಶುರು ಮಾಡುತ್ತೀಯ.

ಹೌದು, ಅತ್ತೆಯನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲ, ಅವರೇ ನನ್ನನ್ನು ಎಳೆದುಕೊಂಡು ಹೋದರು. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರು ಬೀದಿ ತುದಿಯ ಔಷಧಿ ಅಂಗಡಿ ದಾಟಿದವರಲ್ಲ. ಅವರನ್ನು ನೋಡಿಕೊಳ್ಳಲು ಕೋರ್ಸು ಬಿಟ್ಟು ಬಂದುಬಿಡುತ್ತೇನೆ ಅಂತ ನೀನು ಹೋದ ವಾರ ಫೋನಿನಲ್ಲಿ ಕಣ್ಣೀರು ಹಾಕಿದಾಗ ಬೇಡ ಅನ್ನಲು ನನಗೂ ಬಾಯಿ ಬರಲಿಲ್ಲ. ಮರುದಿನ ಬೆಳಿಗ್ಗೆಯೇ ಅತ್ತೆ, "ಅಳಿಯಂದ್ರೇ, ನನಗೊಂದು ಪ್ಯಾಂಟ್ ಹೊಲ್ಕೊಡಿ. ಈ ರಜೇಲಿ ಬೆಟ್ಟ ಹತ್ತೋಣ" ಅಂದರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವುದು ನಿನಗೆ ಗೊತ್ತೇ ಇದೆ. ಡಾಕ್ಟರಾದರೂ ಬೇಡ ಅಂದಾರು ಅಂತ ಕರೆದುಕೊಂಡು ಹೋದರೆ, ಆ ಪುಣ್ಯಾತ್ಮ ಕೋಲು ಹಿಡಿದು ನಿಧಾನಕ್ಕೆ ಹತ್ತಲಿ ಬಿಡಿ ಅಂದುಬಿಟ್ಟ. ಕೊನೆಗೆ ಬೂದು ಬಣ್ಣದ ಪ್ಯಾಂಟ್ ಹೊಲಿದೆ, ಎರಡೂ ಕಡೆ ಕಂಡಕ್ಟರ್ ಚೀಲದಷ್ಟು ಆಳದ ಜೇಬು. ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತರು ನೋಡು, ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಕಾಲದ ಗತ್ತೆಲ್ಲ ವಾಪಸ್ ಬಂದಿತ್ತು.

ಸಾಲು ಸಾಲು ರಜೆ, ಕೇಳಬೇಕೇ? ಬೆಟ್ಟದ ಬುಡದಲ್ಲೇ ಕಾಲಿಡಲು ಜಾಗವಿಲ್ಲ. ಮದುವೆಗೆ ಹೊರಟಂತೆ ಸಿಂಗರಿಸಿಕೊಂಡವರು, ಹವಾಯಿ ಚಪ್ಪಲಿಯಲ್ಲೇ ಬಂದವರು, ಮಗುವನ್ನು ಹೆಗಲಿಗೇರಿಸಿಕೊಂಡವರು. ಅತ್ತೆ ಮರದ ನೆರಳು ಸಿಕ್ಕಲ್ಲೆಲ್ಲ ನಿಂತು ನಿಂತು ಹತ್ತಿದರು, ಹಿಂದೆ ನಾನು ಏದುಸಿರು ಬಿಡುತ್ತಾ. ತುದಿ ಇನ್ನೇನು ಬಂತು ಅನ್ನುವಾಗ ಎರಡು ಬಂಡೆಗಳ ನಡುವೆ ಒಬ್ಬರೇ ನುಸುಳುವಷ್ಟು ದಾರಿ. ಅಲ್ಲಿ ಹತ್ತುವವರೂ ಇಳಿಯುವವರೂ ಎದುರುಬದುರು ಸಿಕ್ಕಿಕೊಂಡು, ಹಿಂದಿನವರು ತಳ್ಳುತ್ತಾ, ಮಕ್ಕಳು ಅಳುತ್ತಾ, ಒಬ್ಬರೂ ಒಂದು ಹೆಜ್ಜೆ ಬಿಟ್ಟುಕೊಡುತ್ತಿಲ್ಲ. ವಾಪಸ್ ಹೋಗೋಣ ಅತ್ತೆ ಅಂದೆ. ಅವರು ಜೇಬಿಗೆ ಕೈಹಾಕಿ ತಮ್ಮ ಹಳೇ ಸೀಟಿ ತೆಗೆದು ಒಂದು ಸಲ ಜೋರಾಗಿ ಊದಿದರು. "ಹೋಲ್ಡಾನ್! ಇಳಿಯೋರು ಮೊದ್ಲು! ಹತ್ತೋರು ಪಕ್ಕಕ್ಕೆ ಬನ್ನಿ. ಏನ್ ಸ್ವಾಮಿ, ಬಾಗಿಲಲ್ಲೇ ನಿಂತ್ರೆ ಹೇಗೆ, ಒಳಗಡೆ ಹೋಗಿ!" ಬೆಟ್ಟದ ಮೇಲೆ ಎಲ್ಲಿಯ ಬಾಗಿಲು, ಎಲ್ಲಿಯ ಒಳಗಡೆ? ಆದರೂ ಎಲ್ಲರೂ ಸಾಲಾಗಿ ಸರಿದು ನಿಂತರು. ಇಳಿಯುವವರು ಇಳಿದ ಮೇಲೆ ಎರಡು ಸೀಟಿ, "ರೈಟ್ ರೈಟ್!" ಹತ್ತುವವರು ಹೊರಟರು. ಆ ನೂಕಿನಲ್ಲಿ ನಾನೂ ಹೊರಟುಬಿಟ್ಟೆ. ಹಿಂದೆ ತಿರುಗಿದರೆ, ಬಂಡೆಯ ಬಳಿಯೇ ನಿಂತಿದ್ದ ಅತ್ತೆ, "ಅಳಿಯಂದ್ರೇ, ಸಾಲು ಮುರೀಬೇಡಿ!" ಅಂತ ನನಗೇ ಗದರಿದರು.

ತುದಿಯಲ್ಲಿ ಗಾಳಿ, ಮೋಡ, ಎಲ್ಲ ಇತ್ತು. ನೋಡುವ ಮನಸ್ಸು ಯಾರಿಗಿತ್ತು? ಎಲ್ಲರನ್ನೂ ಹತ್ತಿಸಿದ ಮೇಲೆಯೇ ಕಂಡಕ್ಟರು ಹತ್ತುವುದು, ಈ ರಜೆಯ ಜನವೋ ಮುಗಿಯುವಂಥದ್ದಲ್ಲ. ಅವರ ಸೊಂಟ ಕೈಕೊಟ್ಟರೆ ನಿನಗೆ ಯಾವ ಮುಖ ತೋರಿಸಲಿ? ಕೆಳಗಿನಿಂದ ಸೀಟಿ ಕೇಳಿಸುತ್ತಲೇ ಇತ್ತು, ಅಂದರೆ ಅವರಿನ್ನೂ ಅಲ್ಲೇ ಇದ್ದಾರೆ ಅಂದುಕೊಂಡು ಇಳಿಯಲು ಹೊರಟೆ. ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಮೊದಲು ಕೋಲು, ಆಮೇಲೆ ಬೂದು ಪ್ಯಾಂಟು! ಯಾವಳೋ ಗಟ್ಟಿಗಿತ್ತಿಯ ಕೈಗೆ ಸೀಟಿ ಕೊಟ್ಟು, "ನನ್ನ ಪಾಳಿ ಮುಗೀತು, ನೀನು ನೋಡ್ಕೋ" ಅಂತ ಹೇಳಿ ಬಂದಿದ್ದರು. ಪ್ಯಾಂಟಿನ ಮಂಡಿಗೆ ಮಣ್ಣು ಮೆತ್ತಿತ್ತು, ಕೊನೆಯ ಬಂಡೆಯನ್ನು ಕೈಕಾಲೂರಿ ಹತ್ತಿದ್ದರಂತೆ. ನನ್ನ ಕಣ್ಣು ತುಂಬಿಬಂತು ಕಣೇ. ಇಂಥ ಗಟ್ಟಿ ಜೀವವನ್ನು ನಾನು ಇನ್ನೊಂದೇ ಕಂಡಿರುವುದು, ಆ ಜೀವಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಇವತ್ತು ನನಗಿಂತ ಮೊದಲೇ ಎದ್ದು, ನನ್ನ ಕಾಲಿಗೆ ಎಣ್ಣೆ ಬಿಸಿ ಮಾಡಿಟ್ಟಿದ್ದಾರೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ಅತ್ತೆಯ ಆಶೀರ್ವಾದ ಈ ಕಾಗದದ ಜೊತೆಗೇ ಬರುತ್ತಿದೆ, ನನ್ನ ಪ್ರೀತಿಯೂ.

ನಿನ್ನವನೇ,
ಕುಂಟುತ್ತಿರುವ ದರ್ಜಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನೀನು ಅಳುತ್ತೀಯ ಅಂತ ಒಂದು ಮಾತು ಬರೆಯದೆ ಬಿಟ್ಟಿದ್ದೆ. ಕೋರ್ಸು ಬಿಡುತ್ತೇನೆ ಅಂತ ನೀನು ಅತ್ತ ಆ ದಿನದ ಫೋನಿನ ಮಾತು ಅತ್ತೆಗೆ ಕೇಳಿಸಿತ್ತಂತೆ, ಬೆಟ್ಟ ಹತ್ತಿದ್ದು ಅದಕ್ಕೇ. ತುದಿಯಲ್ಲಿ ಕೂತು ಹೇಳಿದರು: "ಅವಳಿಗೆ ಬರೀರಿ ಅಳಿಯಂದ್ರೇ. ನಾನು ಕೊಟ್ಟಿರೋದು ಕೊನೇ ಸ್ಟಾಪಿನ ಟಿಕೆಟ್. ಮಧ್ಯದಲ್ಲಿ ಇಳೀತೀನಿ ಅಂದ್ರೆ ನಾನು ಸೀಟಿ ಊದಲ್ಲ."