ಕಲ್ಲು ಮುಟ್ಟಿದ ಕೈ

ಘಾಟ್ಕೋಪರ್, ೧೯೫೪

ಅಪ್ಪಯ್ಯ,

ನೀವು ತೀರಿಹೋಗಿ ವರ್ಷ ಕಳೆಯಿತು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ, ತಿಳಿಯುತ್ತಿಲ್ಲ.

ಹೋಟೆಲಿಗೆ ರಜೆಯೆಂದು ಇವರು ನನ್ನನ್ನು ವಸಾಯಿ ಕೋಟೆಗೆ ಕರೆದುಕೊಂಡು ಹೋಗಿದ್ದರು. ಸಮುದ್ರದ ಕಡೆಯ ಕಲ್ಲಿನ ಹೆಬ್ಬಾಗಿಲು ಥೇಟ್ ನಮ್ಮೂರ ಕೋಟೆಬಾಗಿಲಿನ ಹಾಗೇ ಇದೆ. ಅದರ ನೆರಳಲ್ಲಿ ಒಬ್ಬಳು ಮುದುಕಿ ಒಣಮೀನು ಮಾರುತ್ತಿದ್ದಳು. ನಾವು ಹೊರಟಾಗ ಎದ್ದು ಬಂದು, ಅಂಗೈಯನ್ನು ಬಾಗಿಲ ಕಲ್ಲಿಗೆ ಒತ್ತಿ, ಅದೇ ಕೈಯನ್ನು ನನ್ನ ತಲೆಯ ಮೇಲಿಟ್ಟಳು. "ಜಾವೂನ್ ಯೇ, ಪೋರಿ" ಎಂದಳು, ಹೋಗಿ ಬಾ ಮಗಳೇ ಎಂದು.

ಅಣ್ಣಂದಿರು ಬೊಂಬಾಯಿಗೆ ಹೊರಟಾಗಲೆಲ್ಲ ನೀವು ಕೋಟೆಬಾಗಿಲವರೆಗೆ ಬಂದು ಹೀಗೆಯೇ ಮಾಡುತ್ತಿದ್ದಿರಿ. ಕಲ್ಲು ಮುಟ್ಟಿ, ತಲೆ ಮುಟ್ಟಿ, "ಹೋಯ್ ಬಾ, ಮಗಾ" ಎನ್ನುತ್ತಿದ್ದಿರಿ. ಅದು ನಿಮ್ಮೊಬ್ಬರ ಪದ್ಧತಿ ಎಂದುಕೊಂಡಿದ್ದೆ. ನಾನು ಇವರ ಜೊತೆ ಹೊರಟದ್ದು ನಿಮಗೆ ಹೇಳದೆ, ನಸುಕಿನಲ್ಲಿ, ಹೊಳೆಯ ಕಡೆಯಿಂದ, ದೋಣಿಯಲ್ಲಿ.

"ಆ ಮುದುಕಿಗೆ ಕಣ್ಣು ಸರಿ ಕಾಣುದಿಲ್ಲ ಮಾರಾಯ್ತಿ, ಅದರ ಮಗಳು ಅಂತ ಗ್ರಹಿಸಿರ್ಬೇಕು" ಎಂದು ಇವರು ಟಾಂಗಾದಲ್ಲಿ ಹೇಳಿದರು. ಇರಬಹುದು. ಆದರೆ ನಾನು ಅವಳಿಗೆ ನಮ್ಮೂರ ಮಾತಲ್ಲೇ "ಹೂಂ, ಬತ್ತೆ" ಅಂದುಬಿಟ್ಟಿದ್ದೆ. ಎಲ್ಲಿಗೆ ಬರುತ್ತೇನೆ ಅಂದೆನೋ, ಯಾರಿಗೆ ಅಂದೆನೋ, ಲೋಕಲ್ ರೈಲಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದರೂ ಹೊಳೆಯಲಿಲ್ಲ.

ಕೂದಲಿಗೆ ಒಣಮೀನಿನ ವಾಸನೆ ಹತ್ತಿದೆ, ತಲೆಗೆ ಸ್ನಾನ ಮಾಡು ಎಂದು ಇವರು ನೀರು ಕಾಯಿಸಿಟ್ಟಿದ್ದರು.

ನೀರು ತಣ್ಣಗಾಯಿತು, ಅಪ್ಪಯ್ಯ.

ವಾರಿಜಾ