ಸಮುದ್ರಕ್ಕೆ ಪಲ್ಪರ್ ನೀರು ಬಿಟ್ಟೋರು ಯಾರು?

ಬಾಳೂರು, ಡಿಸೆಂಬರ್ ೧೮

ಪ್ರೀತಿಯ ಅಮ್ಮ,

ತೋಟದಲ್ಲಿ ಸಿಗ್ನಲ್ ಇಲ್ಲ, ಖುಷಿ ತಡೆಯಲಾಗುತ್ತಿಲ್ಲ, ಅದಕ್ಕೇ ಈ ಕಾರ್ಡು! ಗಂಡನ ಮನೆಯಲ್ಲಿ ಸಾವಿನ ಮಾತೆತ್ತಬೇಡ, ಗೋವಾದಲ್ಲಿ ಇನ್ನೂ ಎರಡು ವರ್ಷ ಸಂಶೋಧನೆ ಬಾಕಿಯಿದೆ ಅನ್ನುವುದನ್ನು ತನ್ಮಯ್ ಅವನಮ್ಮನಿಗೆ ನಿಧಾನವಾಗಿ ಹೇಳಲಿ ಎಂದು ನೀನು ಹೇಳಿದ್ದೆ. ಇವತ್ತು ಎರಡನ್ನೂ ಒಟ್ಟಿಗೇ ಒದರಿಬಿಟ್ಟೆ!

ಬೆಳಿಗ್ಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನೋಡಲು ಹೋಗಿದ್ದೆವು. ಅದರ ಕಂದು ನೀರು ಹಳ್ಳದ ಕಡೆ ಹರಿಯುತ್ತಿತ್ತು. ಅತ್ತೆ ಮೇಸ್ತ್ರಿಯನ್ನು ಕೂಗಿದರು: "ಗುಂಡಿಗೆ ತಿರುಗ್ಸು ಮಾರಾಯ, ಮೀನಿಗೆ ಉಸಿರು ಕಟ್ತದೆ!"

ನಾನು ಕುಣಿದೇಬಿಟ್ಟೆ. "ಅತ್ತೆ, ನಾನು ಓದೋದೂ ಇದನ್ನೇ! ಇಪ್ಪತ್ತೈದು ಕೋಟಿ ವರ್ಷದ ಹಿಂದೆ ಸಮುದ್ರದಲ್ಲಿ ಆಕ್ಸಿಜನ್ ಕಡಿಮೆಯಾಗಿ ಹೆಚ್ಚುಕಡಿಮೆ ಎಲ್ಲಾ ಜೀವಿಗಳೂ ಸತ್ತುಹೋದವು!"

"ಅಲ್ಲಿಗೆ ಪಲ್ಪರ್ ನೀರು ಬಿಟ್ಟೋರು ಯಾರು ಮಾರಾಯ್ತಿ?"

"ಜ್ವಾಲಾಮುಖಿ ಉಕ್ಕಿ ಭೂಮಿ ಬಿಸಿಯಾಯ್ತು, ನೀರೂ ಬಿಸಿಯಾಯ್ತು. ಬಿಸಿ ನೀರಲ್ಲಿ ಆಕ್ಸಿಜನ್ ನಿಲ್ಲಲ್ಲ ಅತ್ತೆ. ಅದನ್ನ ಓದಿ ಮುಗಿಸೋಕೆ ಗೋವಾದಲ್ಲಿ ಇನ್ನೂ ಎರಡು ವರ್ಷ ಇರ್ಬೇಕು." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ತನ್ಮಯ್ ಮುಖ ಬಿಳಿಚಿಕೊಂಡಿತ್ತು.

ಅತ್ತೆ ಹಳ್ಳದ ಕಡೆ ನೋಡುತ್ತಾ ಕೇಳಿದರು: "ಆ ಸಮುದ್ರದಲ್ಲಿ ಮತ್ತೆ ಮೀನು ತುಂಬೋಕೆ ಎಷ್ಟು ವರ್ಷ ಹಿಡೀತು?"

"ಲಕ್ಷಗಟ್ಟಲೆ ಅತ್ತೆ."

"ಸಮುದ್ರಕ್ಕೇ ಅಷ್ಟು ಬೇಕಾದ್ರೆ ನಿಂಗೆ ಎರಡು ವರ್ಷ ಎಂಥ ದೊಡ್ಡದು? ಹೋಗಿ ಮುಗಿಸ್ಕೊಂಡು ಬಾ."

ಅಮ್ಮಾ, ಅಲ್ಲೇ ಅವರನ್ನು ತಬ್ಬಿಕೊಂಡೆ! ನೆಗಡಿ ವಾಸಿಯಾಗಿದೆ. ಈ ಕಾರ್ಡು ಅಂಚೆಗೆ ಒಯ್ಯುವ ಕಳಸದ ಜೀಪು ಹಾರ್ನ್ ಹೊಡೆಯುತ್ತಿದೆ. ಸ್ವೆಟರ್ ಬೇಡ, ನನ್ನ ಪುಸ್ತಕದ ಪೆಟ್ಟಿಗೆ ಕಳಿಸು!

ನಿನ್ನ ನಿಖಿ