ಹಿಲ್ಡಿಂಗನ ಸೌನಾ ಮುಂದೆ ಮೂವತ್ತೆಂಟು ಮರ

ಜನವರಿ 13, ಸಂಜೆ

ಕ್ರಿಸ್‌ಮಸ್ ಹಬ್ಬ ಮುಗಿಸುವ ಕ್ನೂಟ್ ದಿನ. ಮಕ್ಕಳು ಕ್ರಿಸ್‌ಮಸ್ ಮರದ ಸುತ್ತ ಕೊನೆಯ ಕುಣಿತ ಕುಣಿದು, ಮಿಠಾಯಿ ಕಿತ್ತು ತಿಂದು, ಮರವನ್ನು ಬಾಗಿಲಾಚೆ ಎಸೆದಾಯಿತು. ಮನೆಮನೆಗೆ ಟ್ರ್ಯಾಕ್ಟರ್ ಓಡಿಸಿ ಮೂವತ್ತೆಂಟು ಮರ ತಂದೆ. ಕಾಫಿಯಲ್ಲೂ ಮುಳ್ಳೆಲೆ.

ಮೀನುಗಾರರ ಸಂಘದಲ್ಲಿ ಈ ವರ್ಷ ಮರದ ಉಸ್ತುವಾರಿ ನನ್ನದು. ಕೊಲ್ಲಿಯ ತಳ ಬೋಳು. ಅಬ್ಬೊರೆ ಮೀನಿಗೆ ಮೊಟ್ಟೆ ಸುತ್ತಲು ಒಂದು ಕಡ್ಡಿಯೂ ಇಲ್ಲ. ಮರ ಮುಳುಗಿಸಿದರೆ ಬರುತ್ತವೆ ಅಂತ ನಾನು. ಬರಲ್ಲ ಅಂತ ಹಿಲ್ಡಿಂಗ್ — ಸಂಘದ ಅಧ್ಯಕ್ಷ, ಒಂದನೇ ಕ್ಲಾಸಿನಿಂದ ನನ್ನ ಜೊತೆ ಜಗಳವಾಡುತ್ತಾ ಬಂದವನು.

"ಮೇ ಹತ್ತರ ಮೀಟಿಂಗಿನೊಳಗೆ ಒಂದು ಮೊಟ್ಟೇನೂ ಕಾಣ್ಲಿಲ್ಲ ಅಂದ್ರೆ, ಮುಂದಿನ ವರ್ಷದಿಂದ ಮರ ಎಲ್ಲಾ ಬಾಯ್ಲರಿಗೆ ಸೌದೆ. ಬರೆದಿಟ್ಕೋ ಮೈವೋರ್."

ಬರೆದಿಟ್ಟಿದ್ದೇನೆ.

ಜನವರಿ 19

ಮಂಜುಗಡ್ಡೆ ಮೂವತ್ತೊಂದು ಸೆಂಟಿಮೀಟರ್ ದಪ್ಪ. ಎರಡು ಮೂರು ಮರ ಸೇರಿಸಿ, ಸೆಣಬಿನ ಹಗ್ಗದಲ್ಲಿ ಕಟ್ಟಿ, ಕಟ್ಟಿಗೊಂದು ಕಲ್ಲು ತಗುಲಿಸಿ, ಕೊಲ್ಲಿಯ ನಡುವೆ ಮಂಜಿನ ಮೇಲೆ ಮಲಗಿಸಿದೆ. ವಸಂತದಲ್ಲಿ ಕರಗಿದಾಗ ತಾವೇ ಮುಳುಗುತ್ತವೆ. ನನಗೇನೂ ಕೆಲಸವಿಲ್ಲ.

ಹಿಲ್ಡಿಂಗ್ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತ.

"ಬಂಡೆ ಮರೆಯಲ್ಲಿ ಇಡೇ. ಬಯಲಲ್ಲಿಟ್ರೆ, ಗಾಳಿ ಬಂದಾಗ ಮಂಜೇ ನಡೆದುಬಿಡುತ್ತೆ."

"ನಡೆಯೋದು ನಿನ್ನ ಬಾಯಿ ಒಂದೇ ಕಣೋ."

ಒಂದು ಮರದಲ್ಲಿ ಶುಂಠಿ ಬಿಸ್ಕತ್ತಿನ ಹೃದಯ ಉಳಿದಿತ್ತು. ತಿಂದೆ. ಹಲ್ಲು ಹೋಗುವುದೊಂದು ಬಾಕಿ.

ಏಪ್ರಿಲ್ 14, ಬೆಳಗ್ಗೆ 6

ಅಯ್ಯೋ. ಜೋರು ಗಾಳಿ. ಮಂಜು ದಡ ಬಿಟ್ಟಿದೆ. ಕಿಟಕಿಯಿಂದ ನೋಡಿದರೆ ನನ್ನ ಮರಗಳೆಲ್ಲ ದಿಬ್ಬಣ ಹೊರಟ ಹಾಗೆ ಆಚೆ ದಡಕ್ಕೆ ಸಾಗುತ್ತಿವೆ...

6.40 — ಆಚೆ ದಡದಿಂದ ಹಿಲ್ಡಿಂಗನ ಫೋನು.

"ಮೈವೋರ್, ನಿನ್ನ ಕಾಡು ನನ್ನ ಸೌನಾ ಮುಂದೆ ಬಂದು ನಿಂತಿದೆ. ಕಾಫಿ ಕೊಡ್ಲಾ ಅದಕ್ಕೆ?"

ಏಪ್ರಿಲ್ 17

ಮುಳುಗಿದವು. ಅಲ್ಲೇ. ಸೌನಾದ ಬಿಸಿ ಕೋಣೆಯಲ್ಲಿ ಬೆವೆತು ನಲವತ್ತು ವರ್ಷದಿಂದ ಅವನು ನೀರಿಗೆ ಹಾರುವ ಏಣಿಯ ಬುಡದಲ್ಲಿ. ಏಲಕ್ಕಿ ಬನ್ನು ಮಾಡಿಕೊಂಡು ಹೋದೆ. ಮೂರು ತಿಂದ, ಬೈಗುಳ ನಿಲ್ಲಿಸಲಿಲ್ಲ.

"ನಾನು ಇನ್ನೆಲ್ಲಿ ಮುಳುಗು ಹಾಕ್ಲಿ?"

"ಬಕೆಟ್ ಇದೆಯಲ್ಲ."

ಆಮೇಲೆ ನಾಚಿಕೆಯಾಯಿತು. ಹೇಳಿಯೇಬಿಟ್ಟೆ — "ಗಾಳಿ ವಿಷಯ ನೀನು ಹೇಳಿದ್ದೇ ಸರಿ ಕಣೋ." ನಾಲ್ಕನೇ ಬನ್ನು ಅವನ ಕೈಯಿಂದ ನೀರಿಗೆ ಬಿತ್ತು. ಅರವತ್ತು ವರ್ಷದಲ್ಲಿ ಈ ಮಾತು ಅವನು ನನ್ನಿಂದ ಕೇಳಿದ್ದು ಇದೇ ಮೊದಲು.

ಮೇ 2

ಕೊಲ್ಲಿಯೆಲ್ಲ ಸುತ್ತಿ ಬಂದೆ. ಮೊಟ್ಟೆ ಎಲ್ಲೂ ಇಲ್ಲ. ಹಿಲ್ಡಿಂಗನ ಕಡೆ ಹೋಗಲು ಮುಖವಿಲ್ಲ.

ಮೇ 9

ತಡೆಯಲಾಗಲಿಲ್ಲ, ಹೋದೆ. ಹಿಲ್ಡಿಂಗ್ ನೀರಿಗೆ ಚಾಚಿದ ತನ್ನ ಕಟ್ಟೆಯ ತುದಿಯಲ್ಲಿ ಕುರ್ಚಿ ಹಾಕಿ, ಕಂಬಳಿ ಹೊದ್ದು ಕೂತಿದ್ದಾನೆ. ಪಕ್ಕದ ಮನೆಯವರು ಟವೆಲ್ ಹಿಡಿದು ಬಂದರೆ ಗದರಿಸುತ್ತಿದ್ದಾನೆ.

"ಯಾರೂ ನೀರಿಗಿಳೀಬೇಡಿ. ಬಾಣಂತಿ ಮನೆ ಇದು."

ಬಗ್ಗಿ ನೋಡಿದೆ. ಕೊಂಬೆ ಕೊಂಬೆಗೂ ಬಿಳಿ ಲೇಸಿನಂಥ ಮೊಟ್ಟೆಯ ಪಟ್ಟಿ! ಮೊಣಕಾಲಿನ ನೋವು ಮರೆತು ಅಲ್ಲೇ ಬೋರಲು ಮಲಗಿಬಿಟ್ಟೆ.

"ಯಾವತ್ತಿನಿಂದ?"

"ಮಂಗಳವಾರದಿಂದ."

"ನಂಗ್ಯಾಕೋ ಹೇಳ್ಲಿಲ್ಲ?"

"ಸೋತೋನು ತಾನೇ ಓಡಿಬಂದು ಹೇಳ್ತಾನೇನೆ?" ಅಂದ. ಕಂಬಳಿಯ ಅರ್ಧ ನನಗೂ ಹೊದಿಸಿದ.

ಮೇ 10, ಸಂಜೆ

ಮೀಟಿಂಗ್ ಹತ್ತೇ ನಿಮಿಷ. ಹಿಲ್ಡಿಂಗ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಮುಂದಿನ ವರ್ಷವೂ ಮರ ಮೈವೋರ್‌ದೇ. ಜಾಗ ನನ್ನ ಸೌನಾ ಮುಂದೆ." ಎಲ್ಲರೂ ನಕ್ಕರು. ನನಗೆ ಕಣ್ಣು ತುಂಬಿ ಬಂತು. ಶೀತ ಅಂದೆ.

ಈಗ ಅಂಗಳದಲ್ಲಿ ಯಾರೋ... ಅವನೇ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಬಿಯರ್ ಡಬ್ಬಿ ಎರಡು. ಮರಿಗಳು ಹೊರಬರುವ ತನಕ ನನ್ನ ಸೌನಾನೇ ಗತಿಯಂತೆ. ಸೌನಾ ಒಲೆಗೆ ಇನ್ನೂ ಬೆಂಕಿಯನ್ನೇ ಹಾಕಿಲ್ಲ. ಬಾಗಿಲು ಬಡಿಯುತ್ತಿದ್ದಾನೆ, ಕದ ಮುರಿದುಹೋ—